ಡೊಗ್ಗು ಸಲಾಮು ಯಾರಿಗೆ?

ಪ್ರಶ್ನೆ: ನನ್ನ ಕತೆಯೊಂದರಲ್ಲಿ ‘ಸಾಹೇಬರಿಗೆ ಡೊಗ್ಗು ಸಲಾಮು ಹಾಕಿ ಬಂದ’ ಅಂತ ಬರೆದಿದ್ದೆ. ಓದಿದ ಗೆಳೆಯರು ‘ಇದು ಬೀದಿ ಮಾತು, ಸಾಷ್ಟಾಂಗ ನಮಸ್ಕಾರ ಅಂತ ತಿದ್ದು’ ಅಂದರು. ಎರಡೂ ಒಂದೇನಾ? ರಾಜರ ಕಾಲದ ಕತೆಯಲ್ಲೂ ಈ ಮಾತು ಬಳಸಬಹುದಾ?

ಉತ್ತರ: ತಿದ್ದಬೇಡಿ. ಆ ಸಾಲಿನ ಜೀವವೇ ಆ ಮಾತು.

ಡೊಗ್ಗು ಅಂದರೆ ಬಗ್ಗು. ಡೊಗ್ಗಾಲು ಊರಿದ ಅಂತೀವಲ್ಲ, ಅಲ್ಲಿರುವುದೂ ಇದೇ. ಸಲಾಮು ಅರಬ್ಬಿಯಿಂದ ಬಂದದ್ದು, ಮೂಲದಲ್ಲಿ ಶಾಂತಿ ಅನ್ನುವ ಅರ್ಥ. ಬಿಡಿಯಾಗಿದ್ದಾಗ ಎರಡರಲ್ಲೂ ಅವಮಾನ ಇಲ್ಲ. ಜೊತೆಯಾದವೋ, ಕೆಲಸ ಆಗಬೇಕು ಅಂತ ಮಾನ ಬಿಟ್ಟು ಬಾಗಿದವನ ಚಿತ್ರ ಕಣ್ಣಿಗೆ ಬಂದುಬಿಡುತ್ತದೆ.

ಸಾಷ್ಟಾಂಗದಲ್ಲಿ ಇಡೀ ಮೈ ನೆಲಕ್ಕೆ ತಾಗುತ್ತದೆ, ಅಂದರೆ ಬಾಗುವ ಲೆಕ್ಕದಲ್ಲಿ ಅದೇ ಜಾಸ್ತಿ. ಆದರೂ ದೇವರ ಮುಂದೆ ಹಾಗೆ ಬಿದ್ದವನನ್ನು ಯಾರೂ ಹೀನಾಯವಾಗಿ ನೋಡುವುದಿಲ್ಲ. ದೇವರಿಗೆ ಡೊಗ್ಗು ಸಲಾಮು ಹಾಕಿದೆ ಅಂತ ಯಾವ ಭಕ್ತನೂ ಹೇಳುವುದಿಲ್ಲ, ಅಲ್ವಾ? ಈ ಮಾತು ಯಾವಾಗಲೂ ಇನ್ನೊಬ್ಬರ ಬಗ್ಗೆ ಆಡುವಂಥದ್ದು. ತನ್ನ ಬಗ್ಗೆಯೇ ಯಾರಾದರೂ ಹೇಳಿಕೊಂಡರೆ ಅದು ಹೇಸಿಗೆಯಿಂದಲೋ ತಮಾಷೆಗೋ ಇರಬೇಕು.

‘ದಾಸಾನುದಾಸ’ ಇದಕ್ಕೆ ತದ್ವಿರುದ್ಧ. ಅದನ್ನು ಹೇಳುವವನು ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಾನೆ. ಈ ಭಾವ ನಮ್ಮ ಸಾಹಿತ್ಯದಲ್ಲಿ ಬಹಳ ಹಳೆಯದು. 12ನೇ ಶತಮಾನದಲ್ಲಿ ಬಸವಣ್ಣನವರು ತಮ್ಮನ್ನು ಮಾದಾರ ಚೆನ್ನಯ್ಯನ ಮನೆಯ ದಾಸನ ಮಗನಿಗೂ ಡೋಹರ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದ ಮಗ ಅಂತ ಕರೆದುಕೊಂಡರು. ಹೇಳಿದವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು, ಹುಟ್ಟಿನಿಂದ ಬ್ರಾಹ್ಮಣರು. ಬಾಗಿದ್ದು ಸಮಾಜ ತೀರಾ ಕೆಳಗಿಟ್ಟವರ ಕಡೆಗೆ, ಅದೂ ಅವರಿಂದ ಏನೂ ಗಿಟ್ಟಿಸಿಕೊಳ್ಳುವ ಆಸೆಯಿಲ್ಲದೆ. ಡೊಗ್ಗು ಸಲಾಮು ಹೋಗುವುದು ಬರೀ ಮೇಲಕ್ಕೆ. ನಿಮ್ಮ ಪಾತ್ರ ಸಾಹೇಬರ ಮುಂದೆ ಬಾಗಿದ್ದು ಕೆಲಸ ಗಿಟ್ಟಿಸಿಕೊಳ್ಳುವುದಕ್ಕೆ ತಾನೇ? ಹಾಗಿದ್ದರೆ ಸಾಷ್ಟಾಂಗ ಅಂತ ತಿದ್ದಿ ಅವನಿಗೆ ಸುಮ್ನೆ ಗೌರವ ತಂದುಕೊಡಬೇಡಿ. (ವ್ಯಂಗ್ಯಕ್ಕೆ ಸಾಷ್ಟಾಂಗವೂ ಆಗುತ್ತದೆ, ಆದರೆ ಅದು ವ್ಯಂಗ್ಯ ಅಂತ ಓದುಗನಿಗೆ ತಿಳಿಯುವಂತೆ ಸುತ್ತಲಿನ ಸಾಲುಗಳೇ ದುಡಿಯಬೇಕು.)

ಇನ್ನು ರಾಜರ ಕಾಲ. ಯಾವ ರಾಜ ಅನ್ನುವುದರ ಮೇಲೆ ಹೋಗುತ್ತದೆ. ಬಹಮನಿ ಸುಲ್ತಾನರ ನಂತರದ ಕತೆಯಾದರೆ ಸಲಾಮು ಕಿವಿಗೆ ಚುಚ್ಚುವುದಿಲ್ಲ. 10ನೇ ಶತಮಾನದ ಪಂಪನ ಕಾಲದ ಸೈನಿಕನ ಬಾಯಲ್ಲಿ ಬಂದರೆ ಆಭಾಸ. ಅಲ್ಲಿಗೆ ‘ಹುಲ್ಲು ಕಚ್ಚು’ ಸರಿಹೋಗುತ್ತದೆ. ಸೋತವನು ಬಾಯಲ್ಲಿ ಹುಲ್ಲು ಕಚ್ಚಿ ಶರಣಾಗುವುದು ಹಳೆಯ ರೂಢಿ. ಆದರೆ ಅದರಲ್ಲಿರುವುದು ಜೀವಭಯ, ಓಲೈಕೆ ಅಲ್ಲ, ಹಾಗಾಗಿ ಆಸ್ಥಾನದ ಹೊಗಳುಭಟ್ಟನಿಗೆ ಅದನ್ನು ಅಂಟಿಸಬೇಡಿ.

ಕೊನೆಗೊಂದು ಮಾತು: ‘ಅತಿ ದೈನ್ಯದಿಂದ ಡೊಗ್ಗು ಸಲಾಮು ಹಾಕಿದ’ ಅಂತೆಲ್ಲ ಬೆಳೆಸಿದ್ದರೆ ಮೊದಲ ಎರಡು ಪದ ಹೊಡೆದುಹಾಕಿ.