ಸೈಕಲ್ ಮೇಲೆ ಲಂಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಗೈಡ್, ವ್ಯಾನು, ಹೋಟೆಲು ಎಲ್ಲ ಸೇರಿಸಿ ಗುಂಪಾಗಿ ಕರೆದೊಯ್ಯುವ ಶ್ರೀಲಂಕಾ ಸೈಕಲ್ ಪ್ರವಾಸದ ಬಗ್ಗೆ ಮುಂಬಯಿ, ಪುಣೆ, ಗೋವೆಯ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಮೊದಲನೆಯದನ್ನು ಬೇರೆ ಬೇರೆ ಮಾತಿನಲ್ಲಿ ಹಲವರು ಕೇಳಿದ್ದಾರೆ. ಅದಕ್ಕೇ ಹೆಚ್ಚು ಜಾಗ.

ಒಂಬತ್ತು ದಿನದ ಪ್ರವಾಸ. ದಿನಕ್ಕೆ 35ರಿಂದ 75 ಕಿ.ಮೀ. ಎಂದು ಪಟ್ಟಿಯಲ್ಲಿದೆ. ಭಾನುವಾರ 40 ಕಿ.ಮೀ. ಆರಾಮಾಗಿ ತುಳಿಯುತ್ತೇನೆ. ಇಷ್ಟು ಅಭ್ಯಾಸ ಸಾಕೇ?
ಓದುಗರು, ಡೊಂಬಿವಲಿ

ದಂಬುಳ್ಳ, ಸಿಗಿರಿಯ, ಪೊಲೊನ್ನರುವದ ಸುತ್ತಿನ ದಿನಗಳಿಗೆ ಸಾಕು. ಅಲ್ಲಿ ನೆಲ ಹೆಚ್ಚುಕಡಿಮೆ ಸಪಾಟು. ಗದ್ದೆ ಬದಿ, ಕೆರೆ ಏರಿ ಮೇಲಿನ ದಾರಿ. ಕ್ಯಾಂಡಿಯಿಂದ ನುವಾರ ಎಲಿಯಕ್ಕೆ ಹತ್ತುವ ದಿನಕ್ಕೆ ಮಾತ್ರ ಸಾಲದು. ಕಿ.ಮೀ. ಅಂಕಿ ನಂಬಿದವರು ಮೋಸ ಹೋಗುವುದು ಅಲ್ಲೇ. ಕ್ಯಾಂಡಿ ಸಮುದ್ರಮಟ್ಟದಿಂದ ಸುಮಾರು 500 ಮೀಟರ್, ನುವಾರ ಎಲಿಯ 1,868 ಮೀಟರ್. ಸುಮಾರು 75 ಕಿ.ಮೀ. ದಾರಿಯಲ್ಲಿ ನಿವ್ವಳ ಏರೇ 1,350 ಮೀಟರಿಗೆ ಮೇಲೆ. ನಡುನಡುವೆ ಇಳಿದು ಮತ್ತೆ ಹತ್ತುವುದು ಬೇರೆ. ಪುಣೆಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಸಿಂಹಗಡದ ಘಾಟಿಯ ಏರು ಸುಮಾರು 600 ಮೀಟರ್. ಎರಡು ಸಿಂಹಗಡ ಮುಗಿಸಿ ಮೂರನೆಯದಕ್ಕೆ ಕೈಹಾಕಿದ ಹಾಗೆ. ಅಷ್ಟು ಕಡಿದಲ್ಲ ನಿಜ, ಆದರೆ ಚಹಾ ತೋಟದ ತಿರುವುಗಳು ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ.

ಆದ್ದರಿಂದ ಆಯೋಜಕರನ್ನು ಕೇಳಬೇಕಾದ್ದು ದಿನಕ್ಕೆ ಎಷ್ಟು ಕಿ.ಮೀ. ಎಂದಲ್ಲ, ದಿನಕ್ಕೆ ಒಟ್ಟು ಎಷ್ಟು ಮೀಟರ್ ಏರು ಎಂದು. ಭಾನುವಾರದ ಸವಾರ ಗಂಟೆಗೆ 400 ಮೀಟರ್ ಎತ್ತರ ಗಳಿಸಿದರೆ ಚೆನ್ನಾಗಿಯೇ ತುಳಿಯುತ್ತಿದ್ದಾನೆ ಎನ್ನಬೇಕು. ಅಂದರೆ 100 ಮೀಟರಿಗೆ ಕಾಲು ಗಂಟೆ. ಈ ಲೆಕ್ಕದಲ್ಲಿ ನುವಾರ ಎಲಿಯದ ದಿನ ಬರೀ ಏರಿಗೇ ಮೂರೂವರೆ ಗಂಟೆ ಬೇಕು. ಪಟ್ಟಿಯಲ್ಲಿ ‘ಬೆಳಗ್ಗೆ 9ಕ್ಕೆ ಹೊರಡುವುದು’ ಎಂದಿದ್ದರೆ ಅಲ್ಲೇ ತಕರಾರು ತೆಗೆಯಿರಿ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನೀವು ಘಾಟಿಯ ಅರ್ಧದಲ್ಲಿರುತ್ತೀರಿ. 6.30ರ ಒಳಗೆ ಚಕ್ರ ಉರುಳಬೇಕು.

ತಯಾರಿ ಊರಿನಿಂದ ಊರಿಗೆ ಬೇರೆ. ಪುಣೆಯವರಿಗೆ ಘಾಟಿ ಇದೆ, ಬೆವರಿಲ್ಲ. ಅಲ್ಲಿನ ಒಣಗಾಳಿಯಲ್ಲಿ ಬೆವರು ಬಂದದ್ದೇ ಆರುತ್ತದೆ, ಲಂಕೆಯಲ್ಲಿ ಮೈಮೇಲೇ ಉಳಿಯುತ್ತದೆ. ಮುಂಬಯಿಯವರಿಗೆ ಬೆವರು ಧಾರಾಳ, ಏರು ಇಲ್ಲ. ಠಾಣೆಯ ಯೇವೂರು ಗುಡ್ಡವನ್ನು ಒಂದೇ ಬೆಳಗಿನಲ್ಲಿ ನಾಲ್ಕೈದು ಸಲ ಹತ್ತಿಳಿಯುವುದು ಬೇಸರದ ಕೆಲಸ, ಆದರೆ ಕಾಲಿಗೆ ಅದೇ ಬೇಕು. ಗೋವೆಯವರಿಗೆ ಎರಡೂ ಸಿಗುತ್ತವೆ. ಅನಮೋಡ, ಚೋರ್ಲಾ ಘಾಟಿಗಳಿರುವಾಗ ನೆಪ ಹೇಳುವಂತಿಲ್ಲ, ಲಾರಿಗಳ ಹೊತ್ತು ತಪ್ಪಿಸಿದರಾಯಿತು.

ಎಂಟು ವಾರ ಇಟ್ಟುಕೊಳ್ಳಿ. ವಾರಕ್ಕೊಮ್ಮೆ 80 ಕಿ.ಮೀ. ತುಳಿಯುವುದಕ್ಕಿಂತ ಶನಿವಾರ 45, ಭಾನುವಾರ 45 ಬೆನ್ನುಬೆನ್ನಿಗೆ ತುಳಿಯುವುದು ಮೇಲು. ಇಂಥ ಪ್ರವಾಸದಲ್ಲಿ ಸೋಲುವುದು ಮೊದಲ ದಿನವಲ್ಲ, ನಿನ್ನೆಯ ನೋವಿನ ಮೇಲೆ ಮತ್ತೆ ಕೂರಬೇಕಾದ ಮೂರನೇ ದಿನ. ಹೊರಡುವ ಮುಂಚಿನ ವಾರ ಅರ್ಧಕ್ಕಿಳಿಸಿ.

ನಮ್ಮ ಸೈಕಲನ್ನೇ ಒಯ್ಯಬೇಕೇ, ಅಲ್ಲಿ ಕೊಡುವುದು ಸಾಕೇ?
ಓದುಗರು, ಕೋಥ್ರೂಡ, ಪುಣೆ

ಅಲ್ಲಿನದೇ ಸಾಕು. ಒಂಬತ್ತು ದಿನಕ್ಕೆ ಪೆಟ್ಟಿಗೆ ಕಟ್ಟಿ, ಹಿಂದಿನ ಡಿರೇಲರ್ (ಗೇರು ಬದಲಿಸುವ ಭಾಗ) ಬಿಚ್ಚಿ, ವಿಮಾನದವರ ಕೈಗೊಪ್ಪಿಸಿ, ಅದು ಬಾಗಿದೆಯೋ ಏನೋ ಎಂದು ಕಾಯುವ ತಲೆನೋವು ಯಾಕೆ? ನಿಮ್ಮ ಮೈಗೆ ತಾಗುವ ಎರಡು ಭಾಗ ಮಾತ್ರ ಒಯ್ಯಿರಿ: ಸೀಟು ಮತ್ತು ಪೆಡಲು. ಎರಡೂ ಸೇರಿ ಒಂದು ಕಿಲೋ ಚಿಲ್ಲರೆ.

ಪೆಡಲು ಹಾಕುವಾಗ ಎಡಗಡೆಯದಕ್ಕೆ ಉಲ್ಟಾ ಮರೆ (ಥ್ರೆಡ್) ಇರುತ್ತದೆ ಎಂಬುದು ನೆನಪಿರಲಿ. ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು ಮುಂದಿನ ಚಕ್ರದ ಕಡೆಗೆ ತಿರುಗಿಸಿದರೆ ಎರಡೂ ಬದಿ ಬಿಗಿ, ಹಿಂದಕ್ಕೆ ತಿರುಗಿಸಿದರೆ ಸಡಿಲ. ಮೊದಲ ಮೂರು ಸುತ್ತು ಕೈಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ಮರೆ ಕೂತಿಲ್ಲ. ಸ್ಪ್ಯಾನರಿನಿಂದ ಒತ್ತಾಯ ಮಾಡಿದರೆ ಪೆಡಲು ಕೂರುವ ತೋಳಿನ, ಅಂದರೆ ಕ್ರ್ಯಾಂಕಿನ, ಮರೆಯೇ ಕಿತ್ತುಹೋಗಿ ದಂಡ ತೆರಬೇಕಾದೀತು.

ಮನೆಯ ಸೈಕಲಿನಲ್ಲಿ ಕ್ರ್ಯಾಂಕ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಸೆಂಟಿಮೀಟರಿನಲ್ಲಿ ಅಳೆದು ಬರೆದುಕೊಳ್ಳಿ. ಬಾಡಿಗೆ ಸೈಕಲ್ ಕೊಡುವವರು ಪ್ರವಾಸಿಗರ ಕಾಲು ನೆಲಕ್ಕೆ ತಾಗಲಿ ಎಂದು ಸೀಟು ತಗ್ಗಿಸಿಯೇ ಕೊಡುತ್ತಾರೆ. ಎರಡನೇ ದಿನ ಮಂಡಿಯ ಮುಂಭಾಗ ನೋಯಲು ಶುರುವಾಗುವುದು ಇದರಿಂದ. ಹಿಂಭಾಗ ನೋಯುತ್ತಿದ್ದರೆ ಸೀಟು ಹೆಚ್ಚು ಎತ್ತರ. ಅಳತೆ ಇಲ್ಲದಿದ್ದರೆ ಪೆಡಲು ಕೆಳತುದಿಯಲ್ಲಿರುವಾಗ ಹಿಮ್ಮಡಿ ಇಟ್ಟು ನೋಡಿ. ಕಾಲು ನೆಟ್ಟಗೆ ನಿಂತು ಸೊಂಟ ಓಲಾಡದಿದ್ದರೆ ಸರಿ. ಬದಲಾಯಿಸುವಾಗ ಒಮ್ಮೆಗೆ 5 ಮಿಲಿಮೀಟರ್, ಅಷ್ಟೇ.

ಗೇರಿನ ಬಗ್ಗೆ ‘21 ಗೇರು ಇದೆ’ ಎಂಬ ಉತ್ತರಕ್ಕೆ ಬೆಲೆ ಇಲ್ಲ. ಮುಂದಿನ ಅತಿ ಸಣ್ಣ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡದಕ್ಕೆ ಎಷ್ಟು? ಹಿಂದಿನ ಸಂಖ್ಯೆ ದೊಡ್ಡದಿರಬೇಕು. ಮುಂದೆ 28, ಹಿಂದೆ 34 ಇದ್ದರೆ ನಿಮಿಷಕ್ಕೆ 60 ಸುತ್ತು ತುಳಿದಾಗ ವೇಗ ಗಂಟೆಗೆ ಆರೂವರೆ ಕಿ.ಮೀ. ಆಸುಪಾಸು. ಘಾಟಿಗೆ ಹೇಳಿ ಮಾಡಿಸಿದ್ದು. ಮುಂದೆ 38, ಹಿಂದೆ 28 ಇದ್ದರೆ ಅದೇ ತುಳಿತಕ್ಕೆ ಹತ್ತೂವರೆ ಕಿ.ಮೀ. ಬೇಕು. ಆರು ಪರ್ಸೆಂಟ್ ಏರಿನಲ್ಲಿ (100 ಮೀಟರ್ ದಾರಿಗೆ 6 ಮೀಟರ್ ಎತ್ತರ) ಆ ವೇಗ ನಮ್ಮನಿಮ್ಮಂಥವರಿಗೆ ನಿಲ್ಲುವುದಿಲ್ಲ. ತುಳಿತ ನಿಧಾನವಾಗಿ ಭಾರವೆಲ್ಲ ಮಂಡಿಗೆ ಬೀಳುತ್ತದೆ.

ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ತೊಂದರೆಯೇ?
ಓದುಗರು, ಮಾಟುಂಗ

ತೊಂದರೆಯಿಲ್ಲ, ಮೋಸ ಹೋಗುವ ಸಾಧ್ಯತೆ ಇದೆ. ಅನ್ನ, ತೊವ್ವೆ, ಹಲಸಿನ ಪಲ್ಯ, ಒತ್ತುಶಾವಿಗೆಯಂಥ ಇಡಿಯಪ್ಪ, ಜೊತೆಗೆ ಕೆಂಪು ತೆಂಗಿನಕಾಯಿ ಚಟ್ನಿಯಂಥ ಪೊಲ್ ಸಂಬೋಲ. ನೋಡಲು ನಮ್ಮ ಎಲೆಯ ಮೇಲಿನದೇ. ಆದರೆ ಆ ಚಟ್ನಿಯಲ್ಲಿ ಅನೇಕ ಕಡೆ ಒಣಗಿಸಿದ ಟ್ಯೂನಾ ಮೀನಿನ ಚೂರು ಹಾಕಿ ಕುಟ್ಟುತ್ತಾರೆ. ಹೆಸರು ಉಂಬಲಕಡ. ಪಲ್ಯಕ್ಕೂ ಒಮ್ಮೊಮ್ಮೆ ಬೀಳುತ್ತದೆ. ಅವರಿಗೆ ಅದು ಮಸಾಲೆ, ಮೀನೂಟವಲ್ಲ. ಹಾಗಾಗಿ ‘ವೆಜಿಟೇರಿಯನ್’ ಎಂದರೂ ಬರುತ್ತದೆ. ಸಿಂಹಳದಲ್ಲಿ ‘ಮಸ್ ಮಾಳು ಎಪಾ, ಉಂಬಲಕಡ ಎಪಾ’ ಎಂದು ಹೇಳಿ: ಮಾಂಸ, ಮೀನು ಬೇಡ, ಒಣಮೀನೂ ಬೇಡ. ಚಹಾ ತೋಟಗಳ ಸೀಮೆಯಲ್ಲಿ ತಮಿಳು ನಡೆಯುತ್ತದೆ, ‘ಸೈವ’ ಎಂದು ಕೇಳಿದರೆ ಮುಗಿಯಿತು. ಆಯೋಜಕರಿಗೆ ಕಾಸು ಕಟ್ಟುವ ಮೊದಲೇ ಇದನ್ನು ಬರೆದು ತಿಳಿಸಿ. ಶೇಂಗಾ ಚಟ್ನಿಪುಡಿಯ ಪೊಟ್ಟಣವೊಂದು ಚೀಲದಲ್ಲಿರಲಿ, ಬರೀ ಅನ್ನ ಸಿಕ್ಕ ದಿನಕ್ಕೆ.

ಎಷ್ಟು ನೀರು ಕುಡಿಯಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
ಓದುಗರು, ಮಾಪುಸಾ

ಯಾಕೆಂದರೆ ಒಬ್ಬೊಬ್ಬರ ಬೆವರು ಒಂದೊಂದು. ನಿಮ್ಮದನ್ನು ಮನೆಯಲ್ಲೇ ಅಳೆಯಬಹುದು. ಸವಾರಿಗೆ ಮುಂಚೆ ತೂಕ ನೋಡಿ, ಸರಿಯಾಗಿ ಒಂದು ಗಂಟೆ ನೀರು ಕುಡಿಯದೆ ತುಳಿದು, ಮೈ ಒರೆಸಿಕೊಂಡು ಮತ್ತೆ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಬೆವರು. ಈ ಪರೀಕ್ಷೆ ಬೆಳಗಿನ ತಂಪಿನಲ್ಲಿ ಮಾಡಿ, ನಡುಹಗಲಲ್ಲಿ ಬೇಡ. ಸಾಮಾನ್ಯವಾಗಿ ಗಂಟೆಗೆ 500ರಿಂದ 750 ಮಿ.ಲೀ. ಗುಟುಕು ಗುಟುಕಾಗಿ ಕುಡಿದರೆ ನಡೆಯುತ್ತದೆ.

ಬರೀ ನೀರನ್ನೇ ಹೊಟ್ಟೆ ತುಂಬ ಸುರಿದುಕೊಳ್ಳುವುದೂ ತಪ್ಪು. ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ ಬರುತ್ತದೆ, ಅದನ್ನು ಬಿಸಿಲಿನದೆಂದು ತಿಳಿದು ಇನ್ನಷ್ಟು ನೀರು ಕುಡಿಸುತ್ತಾರೆ. ಎರಡು ಬಾಟಲಿ ಇರಲಿ, ಒಂದರಲ್ಲಿ ಓಆರ್‌ಎಸ್. ದೊಡ್ಡ ಪೊಟ್ಟಣ ಒಂದು ಲೀಟರಿಗೆ ಅಳೆದದ್ದು. ಅದನ್ನು 600 ಮಿ.ಲೀ. ಬಾಟಲಿಗೆ ಪೂರ್ತಿ ಸುರಿದರೆ ಗಟ್ಟಿಯಾಗಿ ಹೊಟ್ಟೆ ಕೆಡಬಹುದು. 200 ಮಿ.ಲೀ.ಯ ಸಣ್ಣ ಪೊಟ್ಟಣ ಮೂರು ಹಾಕಿದರೆ ಲೆಕ್ಕ ಸರಿ. ಬಿ.ಪಿ., ಸಕ್ಕರೆ ಇರುವವರು ವೈದ್ಯರನ್ನು ಕೇಳಿಯೇ ಹಾಕಿಕೊಳ್ಳಿ. ದಾರಿಬದಿಯಲ್ಲಿ ಕಿತ್ತಳೆ ಬಣ್ಣದ ಎಳನೀರು ಸಿಗುತ್ತದೆ, ತಂಬಿಲಿ. ಪೊಟಾಷಿಯಂ ಚೆನ್ನಾಗಿದೆ, ಸೋಡಿಯಂ ಕಡಿಮೆ, ಹಾಗಾಗಿ ಜೊತೆಗೆ ಉಪ್ಪು ಕಡಲೆ ತಿನ್ನಿ.

ಬಿಸಿಲಲ್ಲಿ ಮೈ ಜುಮ್ಮೆಂದು ಚಳಿಯಾದರೆ, ತಲೆ ಸುತ್ತಿದರೆ ತಕ್ಷಣ ನಿಲ್ಲಿ, ನೆರಳಿಗೆ ಬನ್ನಿ. ಜೊತೆಗಾರ ಅಸಂಬದ್ಧ ಮಾತಾಡಲು ಶುರುಮಾಡಿದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಕೂಡಲೇ ಮೈಮೇಲೆ ನೀರು ಹೊಯ್ದು, ಗಾಳಿ ಹಾಕುತ್ತ ಆಸ್ಪತ್ರೆಗೆ ಒಯ್ಯಬೇಕು.

ಕೂರುವ ಜಾಗದ ನೋವಿಗೆ ಸೀಟಿಗೆ ಜೆಲ್ ಕವರ್ ಕೊಳ್ಳಲೇ?
ಓದುಗರು, ವಾಸ್ಕೊ

ಬೇಡ. ಮೆತ್ತನೆಯದು ಅರ್ಧ ಗಂಟೆ ಹಿತ, ಆಮೇಲೆ ಮೂಳೆ ಒಳಗೆ ಹೂತು ಮೆದು ಭಾಗಕ್ಕೇ ಒತ್ತುತ್ತದೆ, ತೊಡೆ ಸವೆಯುತ್ತದೆ. ಪ್ಯಾಡ್ ಇರುವ ಚಡ್ಡಿ ಕೊಳ್ಳಿ, ಅದರೊಳಗೆ ಒಳಉಡುಪು ಹಾಕಬೇಡಿ. ಹೊಲಿಗೆಯ ಗೆರೆಯೇ ಹುಣ್ಣು ಮಾಡುವುದು. ಮೂರು ಜೊತೆ ಬೇಕು, ಆ ಹವೆಯಲ್ಲಿ ರಾತ್ರಿ ಒಗೆದದ್ದು ಬೆಳಗ್ಗೆ ಒಣಗುವುದಿಲ್ಲ. ಒಣ ಟವೆಲಿನಲ್ಲಿ ಸುತ್ತಿ ಹಿಂಡಿದರೆ ಸ್ವಲ್ಪ ವಾಸಿ. ದೇವಾಲಯಗಳಲ್ಲಿ ಭುಜ, ಮಂಡಿ ಮುಚ್ಚಿರಬೇಕು. ಚಡ್ಡಿಯ ಮೇಲೆ ಉಡಲು ತೆಳು ಪಂಚೆಯೊಂದು ಒಯ್ಯಿರಿ.

ಗುಂಪಿನಲ್ಲಿ ಘಾಟಿ ಇಳಿಯುವುದೆಂದರೆ ಭಯ.
ಓದುಗರು, ಠಾಣೆ

ಭಯ ಇರಲಿ, ಏರಿಗಿಂತ ಇಳಿಜಾರಿನಲ್ಲೇ ಹೆಚ್ಚು ಜನ ಬೀಳುವುದು. ಎಲ್ಲ (ಊರಿನ ಹೆಸರೇ ಅದು) ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ರಾವಣ ಜಲಪಾತದ ಪಕ್ಕದಲ್ಲಿ ವೆಲ್ಲವಾಯಕ್ಕೆ 27 ಕಿ.ಮೀ. ಇಳಿಯುವ ದಾರಿಯನ್ನೇ ನೋಡಿ. ಬ್ರೇಕನ್ನು ಉದ್ದಕ್ಕೂ ಸವರುತ್ತ ಇಳಿದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ಡಿಸ್ಕ್ ಬ್ರೇಕ್ ಆದರೆ ಹಿಡಿತ ಸಡಿಲವಾಗುತ್ತದೆ. ತಿರುವಿಗೆ ಮುಂಚೆ ಎರಡೂ ಬ್ರೇಕು ಗಟ್ಟಿಯಾಗಿ ಎರಡು ಮೂರು ಸೆಕೆಂಡ್ ಹಿಡಿದು, ತಿರುವಿನೊಳಗೆ ಬಿಡಿ. ಮುಂದಿನವರಿಂದ 20–30 ಮೀಟರ್ ದೂರ ಇರಲಿ.

ಸೈಕಲ್ ಕೈಗೆ ಬಂದ ಕೂಡಲೇ ಯಾವ ಲಿವರ್ ಯಾವ ಚಕ್ರದ್ದೆಂದು ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಮುಂದಿನದು, ಹೊರದೇಶದಿಂದ ತರಿಸಿದ ಸೈಕಲುಗಳಲ್ಲಿ ಎಡಗೈ ಮುಂದಿನದಿರುತ್ತದೆ. ಗಾಬರಿಯಲ್ಲಿ ಕೈ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ. ಆಯೋಜಕರಿಗೆ ಹೇಳಿದರೆ ಕೇಬಲ್ ಅದಲುಬದಲು ಮಾಡಿಕೊಡುತ್ತಾರೆ. ಡಿಸ್ಕಿಗೆ ಸನ್‌ಸ್ಕ್ರೀನ್ ಸ್ಪ್ರೇ ಹನಿ ಬಿದ್ದರೂ ಕಿರ್ ಎನ್ನುತ್ತದೆ, ಹಿಡಿಯುವುದಿಲ್ಲ. ಸೈಕಲಿನಿಂದ ದೂರ ನಿಂತು ಹಚ್ಚಿಕೊಳ್ಳಿ.

ಅಲ್ಲಿಯೂ ಸಂಚಾರ ಎಡಗಡೆಯೇ, ಆದರೆ ಬಸ್ಸುಗಳು ನುಗ್ಗುತ್ತವೆ. ಹಾರ್ನ್ ಕೇಳಿದಾಗ ಹಿಂತಿರುಗಿ ನೋಡಬೇಡಿ. ತಲೆ ತಿರುಗಿದ ಕಡೆ ಹ್ಯಾಂಡಲ್ಲೂ ವಾಲುತ್ತದೆ. ಹನ್ನೆರಡು ಜನ ಒಂದೇ ಸಾಲಾಗಿ ಹೋಗದೆ ನಾಲ್ಕು ನಾಲ್ಕರ ತಂಡವಾಗಿ ನಡುವೆ ಜಾಗ ಬಿಟ್ಟರೆ ಬಸ್ಸಿಗೆ ಒಳಬರಲು ಎಡೆ ಸಿಗುತ್ತದೆ.

ಯಾವ ತಿಂಗಳು ಒಳ್ಳೆಯದು?
ಓದುಗರು, ಪಿಂಪ್ರಿ

ಸಿಗಿರಿಯ–ಕ್ಯಾಂಡಿ–ನುವಾರ ಎಲಿಯ–ದಕ್ಷಿಣ ಕರಾವಳಿಯ ದಾರಿಗೆ ಫೆಬ್ರವರಿ, ಮಾರ್ಚ್. ನೈಋತ್ಯ ಮುಂಗಾರು ಮೇಯಿಂದ ಸೆಪ್ಟೆಂಬರ್‌ವರೆಗೆ ಆ ಕರಾವಳಿ ಮತ್ತು ಬೆಟ್ಟದ ಪಶ್ಚಿಮ ಮಗ್ಗುಲನ್ನು ತೋಯಿಸುತ್ತದೆ. ಆಗ ಪೂರ್ವ ಕರಾವಳಿಗೆ ಹೋಗಬಹುದು. ಫೆಬ್ರವರಿಯಲ್ಲೂ ನುವಾರ ಎಲಿಯದ ರಾತ್ರಿ ಸ್ವೆಟರ್ ಬೇಡುತ್ತದೆ. ಹಬರಣ, ಬುತ್ತಲ–ಕತರಗಾಮ ದಾರಿಗಳಲ್ಲಿ ಕಾಡಾನೆ ರಸ್ತೆಗೆ ಬರುತ್ತವೆ. ಸಂಜೆ ಕತ್ತಲಾಗುವ ಮೊದಲೇ ಸವಾರಿ ಮುಗಿಯುವ ಪಟ್ಟಿಯನ್ನೇ ಆರಿಸಿ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕಾವನ್ನು ಮಲೇರಿಯಾಮುಕ್ತ ಎಂದು ಘೋಷಿಸಿತು. ಡೆಂಗ್ಯೂ ಮಾತ್ರ ಇದೆ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೆನ್ ಬೇಡ.

ವಯಸ್ಸು 61. ಇ-ಬೈಕ್ (ಬ್ಯಾಟರಿ ಸೈಕಲ್) ತೆಗೆದುಕೊಳ್ಳಲೇ? ವ್ಯಾನ್ ಹತ್ತಿದರೆ ಉಳಿದವರು ಏನೆಂದುಕೊಳ್ಳುತ್ತಾರೋ?
ಓದುಗರು, ಮಡಗಾಂವ್

ಇ-ಬೈಕ್ ಅಲ್ಲಿಯೇ ಬಾಡಿಗೆಗೆ ಕೇಳಿ. 160 ವ್ಯಾಟ್-ಅವರ್ ಮೀರಿದ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಬಿಡುವುದಿಲ್ಲ, ಇ-ಬೈಕಿನದು ಅದಕ್ಕಿಂತ ಬಹಳ ದೊಡ್ಡದು. ಘಾಟಿಯ ದಿನ ಬ್ಯಾಟರಿ ನಡುದಾರಿಯಲ್ಲಿ ಮುಗಿದರೆ ಇಪ್ಪತ್ತು ಕಿಲೋ ಮೀರಿದ ಸೈಕಲನ್ನು ತಳ್ಳಬೇಕಾದೀತು. ಹಾಗಾಗಿ ಅರ್ಧ ಏರಿನವರೆಗೆ ಮೋಟಾರಿನ ಕನಿಷ್ಠ ಸಹಾಯದಲ್ಲೇ ತುಳಿಯಿರಿ.

ವ್ಯಾನ್ ಇರುವುದೇ ಹತ್ತಲು. ಅದರ ಬಾಡಿಗೆ ನಿಮ್ಮ ಕಾಸಿನಲ್ಲೂ ಸೇರಿದೆ. ಆದರೆ ಪೂರ್ತಿ ಸೋತ ಮೇಲೆ ಹತ್ತುವುದು ಜಾಣತನವಲ್ಲ. ಬಿಸಿಲೇರಿದ ನಡುಗಂಟೆಗಳಲ್ಲಿ ಹತ್ತಿ, ಸಂಜೆಯ ತಂಪಿನಲ್ಲಿ ಇಳಿಯಿರಿ. ಕೇಳಬೇಕಾದ್ದು ಎರಡೇ: ಎಲ್ಲ ಸವಾರರಿಗೂ ಒಟ್ಟಿಗೆ ಕೂರಲು ಅದರಲ್ಲಿ ಜಾಗ ಇದೆಯೇ, ಅದು ಗುಂಪಿನ ಹಿಂದೆ ಬರುತ್ತದೆಯೇ ಅಥವಾ ಮುಂದೆ ಹೋಗಿ ಊಟದ ಜಾಗದಲ್ಲಿ ನಿಲ್ಲುತ್ತದೆಯೇ? ಹಿಂದೆ ಬರುವುದೇ ಬೇಕು. ಒಣ ಅಂಗಿ, ಟವೆಲ್ ಇಟ್ಟ ಸಣ್ಣ ಚೀಲವನ್ನು ಡ್ರೈವರ್ ಪಕ್ಕದಲ್ಲಿಡಿ. ಬೆವರಿನ ಅಂಗಿಯಲ್ಲೇ ಎ.ಸಿ.ಯ ಕೆಳಗೆ ಕೂತರೆ ತೊಡೆ ಹಿಡಿದುಕೊಂಡು, ಇಳಿಯುವ ಹೊತ್ತಿಗೆ ಪೆಡಲಿನ ಮೇಲೆ ಕಾಲೆತ್ತಿ ಇಡಲೂ ಕಷ್ಟವಾಗುತ್ತದೆ.