ಪ್ರತಿಕ್ರಿಯೆ: ಹಾನ್ಸ್ ಫಲ್ಲಾಡಾ ನಿಜವಾಗಿ ರೈತನೇ?

"ಫಲ್ಲಾಡಾ ನಿಜಕ್ಕೂ ಉಳುಮೆ ಗೊತ್ತಿದ್ದವನೋ, ದುಡ್ಡು ಬಂದ ಮೇಲೆ ಸುಮ್ನೆ ಜಮೀನು ಕೊಂಡವನೋ?" ಅಂತ ಕೇಳಿದ್ದೀರಿ. ಮಣ್ಣಿನ ಕೆಲಸವೇ ಮೊದಲು ಸರ್, ಜರ್ಮನ್ ಕಾದಂಬರಿಕಾರ ಅಂತ ಹೆಸರು ಬಂದದ್ದು ಆಮೇಲೆ.

ಅವನ ನಿಜವಾದ ಹೆಸರು ರುಡಾಲ್ಫ್ ಡಿಟ್ಜೆನ್. ಹುಟ್ಟಿದ್ದು 1893ರಲ್ಲಿ, ಜಡ್ಜ್ ಮನೆಯಲ್ಲಿ. 1913ರಲ್ಲಿ ಪೋಸ್ಟರ್‌ಸ್ಟೈನ್ ಎಂಬಲ್ಲಿ ಜಮೀನ್ದಾರರ ಹೊಲದಲ್ಲಿ ಕೃಷಿ ಕಲಿಯಲು ಸೇರಿದ. ಮುಂದೆ ಆಲೂಗಡ್ಡೆ ಬೆಳೆಯ ಕಂಪನಿಯಲ್ಲಿ ಕೆಲಸ, ಊರೂರಿನ ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ಕೆಲಸ. ನಮ್ಮ ಕಾಫಿ ತೋಟಗಳಲ್ಲಿ 'ರೈಟರು' ಅಂತಾರಲ್ಲ, ಹೆಚ್ಚುಕಮ್ಮಿ ಅದೇ. ರೈಟರೇ ರೈಟರಾದ ಕಥೆ! ಆದರೆ ಮಾರ್ಫಿನ್, ಕುಡಿತ ಎರಡೂ ಅಂಟಿದ್ದವು. ಧಣಿಗಳ ದುಡ್ಡಿಗೇ ಕೈ ಹಾಕಿ ಎರಡು ಸಲ ಜೈಲು ಕಂಡ.

1932ರಲ್ಲಿ 'ಕ್ಲೈನರ್ ಮಾನ್, ವಾಸ್ ನುನ್?' (ಸಣ್ಣ ಮನುಷ್ಯ, ಈಗೇನು?) ಕಾದಂಬರಿ ಭರ್ಜರಿಯಾಗಿ ಓಡಿತು. ಮರುವರ್ಷವೇ ಮೆಕ್ಲೆನ್‌ಬರ್ಗ್ ಕಡೆಯ ಕಾರ್ವಿಟ್ಸ್ ಹಳ್ಳಿಯಲ್ಲಿ, ಕೆರೆ ದಂಡೆಗೆ, ಮನೆ-ಜಮೀನು ಕೊಂಡ. ಹಸು, ತರಕಾರಿ, ಜೇನು ಎಲ್ಲ ಇತ್ತು. ಆದರೂ ಅಲ್ಲಿ ದಿನನಿತ್ಯದ ಭಾರ ಹೊತ್ತವಳು ಹೆಂಡತಿ ಆನ್ನಾ ಅಂತಲೇ ನನ್ನ ಅನಿಸಿಕೆ. ಇವನು ಬರೆಯಲು ಕೂತರೆ ಏಳುವ ಜಾತಿಯಲ್ಲ. 1946ರಲ್ಲಿ ಕೊನೆಯ ದೊಡ್ಡ ಕಾದಂಬರಿಯನ್ನು ತಿಂಗಳೊಳಗೇ ಬರೆದು ಮುಗಿಸಿದವನು!

ಓದಲು ಶುರು ಮಾಡುವುದಾದರೆ ರೈತ ದಂಗೆಯ ಬಗ್ಗೆ 1931ರಲ್ಲಿ ಬಂದ 'ಬೌವರ್ನ್, ಬೊನ್ಜೆನ್ ಉಂಡ್ ಬೊಂಬೆನ್' ಕಾದಂಬರಿ ಹಿಡಿಯಿರಿ. ಆ ಗಲಾಟೆಯ ಕೋರ್ಟ್ ವಿಚಾರಣೆಯನ್ನು ಸ್ಥಳೀಯ ಪತ್ರಿಕೆಗೆ ವರದಿ ಮಾಡಿದ್ದೇ ಇವನು. ಕಾರ್ವಿಟ್ಸ್ ಮನೆ ಈಗ ಮ್ಯೂಸಿಯಂ. ಜರ್ಮನಿಗೆ ಹೋದರೆ ನೋಡಿ ಬನ್ನಿ.