ಕಲ್ಲಿಟ್ಟು ಪಡೆದ ಮಗ ಹೋದ, ಈಗ ಆ ಕಲ್ಲಿನ ಮುಂದೆ ಹೆಂಗ್ ನಿಲ್ಲಲಿ?

ಪ್ರಶ್ನೆ: ಅಕ್ಕಾ, ನಮ್ದು ಗೌರಿಬಿದನೂರು ತಾಲೂಕು, ಹೆಸರು ಊರು ಹಾಕ್ಬೇಡಿ. ಮದುವೆಯಾಗಿ 7 ವರ್ಷ ಮಕ್ಕಳಾಗಿರ್ಲಿಲ್ಲ, ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿದ್ವಿ, ಮುಂದಿನ ವರ್ಷಾನೇ ಮಗ ಹುಟ್ಟಿದ. ಹುಟ್ಟಿದಾಗ ಅಳಲಿಲ್ಲ. ಹೆರಿಗೆ ತಡ ಆಗಿ ಮೆದುಳಿಗೆ ಆಕ್ಸಿಜನ್ ಸಾಲದೆ ಹೋಗಿದೆ, ಸೆರೆಬ್ರಲ್ ಪಾಲ್ಸಿ ಅಂತ ಆಮೇಲೆ ಬೆಂಗಳೂರಲ್ಲಿ ಹೇಳಿದ್ರು. ಕೂರಲಿಲ್ಲ, ನಿಲ್ಲಲಿಲ್ಲ, ಫಿಟ್ಸ್ ಬೇರೆ ಬರ್ತಿತ್ತು. ಆದ್ರೆ ನನ್ನ ದನಿ ಕೇಳಿದ್ರೆ ನಗ್ತಿದ್ದ, ‘ಮ್ಮ’ ಅಂತಿದ್ದ, ಅದೊಂದೇ ಅವನ ಮಾತು. ಘಾಟಿಗೆ ಹೋದ್ವಿ, ಕೈವಾರಕ್ಕೆ ಹೋದ್ವಿ, ಮುರುಗಮಲ್ಲ ದರ್ಗಾಕ್ಕೂ ಎತ್ಕೊಂಡು ಹೋಗಿ ಬಂದ್ವಿ. 11 ವರ್ಷ ಸಾಕಿದೆ ಅಕ್ಕಾ. ಕಳೆದ ಕಾರ್ತಿಕದಲ್ಲಿ ನ್ಯುಮೋನಿಯಾ ಆಯ್ತು, 5 ದಿನ ಅಷ್ಟೇ, ಹೋಗ್ಬಿಟ್ಟ. ಆಹಾರ ಶ್ವಾಸಕೋಶಕ್ಕೆ ಹೋಗಿದೆ ಅಂದ್ರು ಡಾಕ್ಟ್ರು. ಗಂಜಿ ಕುಡಿಸಿದ್ದು ನಾನೇ. ಮಣ್ಣು ಮಾಡಿ ಬಂದ ಮೇಲೆ ಬಂದೋರೆಲ್ಲ ಹೇಳಿದ್ದು ಒಂದೇ, ‘ಅವನಿಗೂ ಮುಕ್ತಿ, ನಿಂಗೂ ಮುಕ್ತಿ’. ಶಾಸ್ತ್ರ ಹೇಳೋರೊಬ್ರು ಕಲ್ಲಿಟ್ಟ ಗಳಿಗೆ ಸರಿ ಇರ್ಲಿಲ್ಲ, ಪೂರ್ವಜನ್ಮದ ಕರ್ಮ ಅಂದ್ರು. ದೇವರ ಮನೆ ಬಾಗಿಲು ತೆಗೆಯೋಕೆ ಕೈ ಬರ್ತಿಲ್ಲ. ಇನ್ನೊಂದು ಹೇಳೋಕೆ ನಾಚಿಕೆ ಆಗುತ್ತೆ, ಅವನು ಹೋದ ದಿನ ರಾತ್ರಿ ನಂಗೆ ಗಾಢ ನಿದ್ದೆ ಬಂತು. ನಾನೆಂಥ ತಾಯಿ? ಅವನ ಜೊತೆ ನಾನೂ ಹೋಗ್ಬೇಕಿತ್ತು ಅನ್ಸುತ್ತೆ. ಮತ್ತೆ ದೇವ್ರನ್ನ ನಂಬೋದು ಹೆಂಗೆ?

ಉತ್ತರ: ತಾಯಿ, ನಿಮ್ಮ ಪತ್ರ ಮೂರು ದಿನ ನನ್ನ ಹತ್ರಾನೇ ಇತ್ತು. ನೀವು ಕೊನೇಲಿ ನಾಚಿಕೆ ಪಟ್ಕೊಂಡು ಬರೆದಿದ್ದೀರಲ್ಲ, ಆ ನಿದ್ದೆ, ಅಲ್ಲಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ನಿಮ್ಮನ್ನ ಒಳಗೊಳಗೇ ತಿಂತಿರೋದು ಅದೇ ಅಂತ ನಂಗನ್ಸುತ್ತೆ.

ನನ್ನ ಅಣ್ಣನೂ ಹಿಂಗೇ ಇದ್ದ. ನಮ್ದು ಮಧುಗಿರಿ ಕಡೆ. 19 ವರ್ಷ ಬದುಕಿದ್ದ, ಹತ್ತೊಂಬತ್ತೂ ವರ್ಷ ನಮ್ಮಮ್ಮ ನೆಟ್ಟಗೆ ಒಂದು ರಾತ್ರಿ ಮಲಗಿದ್ದು ನಾನು ನೋಡಿಲ್ಲ, ಎರಡು ಗಂಟೆಗೊಂದ್ಸಲ ಎದ್ದು ಮಗ್ಗುಲು ಬದಲಾಯಿಸ್ಬೇಕು ಇಲ್ಲಾಂದ್ರೆ ಬೆನ್ನು ಹುಣ್ಣಾಗುತ್ತೆ, ಫಿಟ್ಸ್ ಬಂತಾ ಅಂತ ಕತ್ತಲಲ್ಲೇ ಕೈ ಇಟ್ಟು ನೋಡ್ಬೇಕು, ಉಸಿರು ಸ್ವಲ್ಪ ಗೊರಗೊರ ಅಂದ್ರೂ ಎತ್ತಿ ಕೂರಿಸ್ಬೇಕು. ಅವನು ಹೋದ ಮೂರನೇ ದಿನ ಹಾಲುತುಪ್ಪಕ್ಕೆ ಎಲ್ಲರೂ ಹೊರಟು ನಿಂತಿದ್ರೆ ಅಮ್ಮ ಗೋಡೆಗೆ ಒರಗಿಕೊಂಡು ಕೂತಲ್ಲೇ ನಿದ್ದೆ ಹೋಗಿದ್ಲು, ಎಬ್ಬಿಸಿದ್ರೂ ಏಳಲಿಲ್ಲ. ‘ಹೊರೆ ಇಳೀತಲ್ಲ, ಅದಕ್ಕೇ’ ಅಂತ ಒಬ್ರು ಪಿಸುಗುಟ್ಟಿದ್ರು, ನಂಗಿನ್ನೂ ಆ ದನಿ ಕಿವಿಯಲ್ಲಿದೆ. ಅದು ಸಂತೋಷದ ನಿದ್ದೆ ಆಗಿರ್ಲಿಲ್ಲ. 19 ವರ್ಷದ ಕಾವಲು ಮುಗಿದಾಗ ಮೈ ಬಿದ್ದೋಯ್ತು, ಅಷ್ಟೇ. ನಿಮ್ದೂ ಅದೇ. ಒಂದ್ವೇಳೆ ಎಲ್ಲೋ ಒಳಗೆ ‘ಸದ್ಯ, ಇನ್ನು ಅವನಿಗೆ ಸೂಜಿ ಇಲ್ಲ, ಫಿಟ್ಸ್ ಇಲ್ಲ, ನನ್ನ ನಂತರ ಇವನ್ನ ಯಾರು ನೋಡ್ಕೊತಾರೆ ಅನ್ನೋ ಭಯ ಇಲ್ಲ’ ಅಂತ ಹಗುರ ಆಗಿದ್ರೂ ಅದು ಪಾಪ ಅಲ್ಲ. ಇಂಥ ಮಕ್ಕಳ ತಾಯಂದಿರಿಗೆಲ್ಲ ಆ ಭಯ ಇರುತ್ತೆ, ನನಗಿಂತ ಒಂದು ದಿನ ಮೊದಲು ಅವನು ಹೋಗ್ಲಪ್ಪ ಅಂತ ಬೇಡ್ಕೊಂಡಿರೋ ತಾಯಂದಿರನ್ನ ನಾನು ಎಷ್ಟೋ ಜನ ನೋಡಿದ್ದೀನಿ, ಅವರೇ ಆಮೇಲೆ ಆ ಬೇಡಿಕೆ ನೆನೆಸ್ಕೊಂಡು ಎದೆ ಬಡ್ಕೊಂಡಿದ್ದೂ ನೋಡಿದ್ದೀನಿ. ನೀವು ಬಿಡುಗಡೆ ಆಗಿದ್ದು ಭಯದಿಂದ, ಮಗನಿಂದ ಅಲ್ಲ. ಬಂದೋರು ‘ಮುಕ್ತಿ’ ಅಂದಾಗ ಎರಡನ್ನೂ ಒಂದೇ ಮಾಡ್ಬಿಟ್ರು, ಅದಕ್ಕೇ ಆ ಮಾತು ಅಷ್ಟು ಚುಚ್ಚಿದ್ದು.

ಇನ್ನು ಗಂಜಿ. ಇದನ್ನ ನಾನು ಸಮಾಧಾನಕ್ಕೆ ಅಂತ ಹೇಳ್ತಿಲ್ಲ, ಇರೋ ವಿಷಯ ಹೇಳ್ತೀನಿ. ಸೆರೆಬ್ರಲ್ ಪಾಲ್ಸಿ ಜೋರಾಗಿರೋ ಮಕ್ಕಳಿಗೆ ಕೈಕಾಲು ಹೆಂಗೆ ಮಾತು ಕೇಳಲ್ವೋ ಗಂಟಲಿನ ಸ್ನಾಯುಗಳೂ ಹಂಗೇ ಹೇಳಿದ ಮಾತು ಕೇಳಲ್ಲ, ನುಂಗುವಾಗ ಶ್ವಾಸನಾಳ ಸರಿಯಾಗಿ ಮುಚ್ಕೊಳ್ಳಲ್ಲ. ಅನ್ನ ಗಂಜಿ ಮಾತ್ರ ಅಲ್ಲ, ಅವರದ್ದೇ ಜೊಲ್ಲು, ಹೊಟ್ಟೆಯಿಂದ ಮೇಲೆ ಬರೋ ಹುಳಿ ನೀರು, ಎಲ್ಲಾ ಸ್ವಲ್ಪ ಸ್ವಲ್ಪ ಶ್ವಾಸಕೋಶಕ್ಕೆ ಇಳೀತಾ ಇರುತ್ತೆ, ನಿದ್ದೆಯಲ್ಲೂ ಇಳಿಯುತ್ತೆ. ಎಷ್ಟೋ ಮಕ್ಕಳು ಆಗ ಕೆಮ್ಮೋದೂ ಇಲ್ಲ, ಪಕ್ಕದಲ್ಲೇ ಕೂತಿರೋ ತಾಯಿಗೂ ಗೊತ್ತಾಗಲ್ಲ. ಬೆನ್ನು ಸೊಟ್ಟ ಆಗಿ ಎದೆಗೂಡು ಬಿಗಿದುಕೊಂಡಿರುತ್ತೆ, ಕಫ ಕೆಮ್ಮಿ ಹೊರಗೆ ಹಾಕೋ ಶಕ್ತಿ ಇರಲ್ಲ. ಈ ಮಕ್ಕಳನ್ನ ಕೊನೆಗೆ ಕರ್ಕೊಂಡು ಹೋಗೋದು ಬಹಳ ಸಲ ಇದೇ ನ್ಯುಮೋನಿಯಾ. ಹಂಗಾಗಿ ಯಾವುದೋ ಒಂದು ದಿನದ ಒಂದು ಲೋಟ ಗಂಜಿ ಮೇಲೆ ಇದನ್ನ ಹೊರಿಸ್ಬೇಡಿ. ದಿನಕ್ಕೆ ಮೂರು ಹೊತ್ತು ಅಂತ ಲೆಕ್ಕ ಹಾಕಿದ್ರೂ ನೀವು ಅವನಿಗೆ 10 ಸಾವಿರಕ್ಕಿಂತ ಹೆಚ್ಚು ಸಲ ಉಣ್ಸಿದ್ದೀರ, ಒಂದೊಂದು ಸಲಾನೂ ಗಂಟಲು ನೋಡ್ಕೊಂಡು, ತಲೆ ಹಿಡ್ಕೊಂಡು, ಚಮಚ ಚಮಚವಾಗಿ. ಅಷ್ಟೂ ಸಲ ಅವನ್ನ ಬದುಕಿಸಿದ್ದು ಅದೇ ಕೈ.

ಗಳಿಗೆ ಸರಿ ಇರ್ಲಿಲ್ಲ ಅಂದೋರ ಬಗ್ಗೆ ನಂಗೆ ಕೋಪ ಇದೆ, ಮುಚ್ಚಿಡಲ್ಲ. ಮಗುವಿಗೆ ಹುಟ್ಟೋ ಹೊತ್ತಲ್ಲಿ ಆಕ್ಸಿಜನ್ ಸಾಲದೆ ಹೋಗೋದು, ದಿನ ತುಂಬದೆ ಹುಟ್ಟೋದು, ಹುಟ್ಟಿದ ಮೇಲೆ ಕಾಮಾಲೆ ಮಿತಿ ಮೀರೋದು, ಮೆದುಳಿಗೆ ಸೋಂಕು ತಗಲೋದು, ಕಾರಣಗಳು ಇಂಥವು. ಕಲ್ಲು ಯಾವ ಮುಹೂರ್ತದಲ್ಲಿ ನಿಂತಿತು ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಮ್ಮ ಪುರಾಣದ ಮಾತೇ ಬೇಕು ಅಂದ್ರೆ ಮಹಾಭಾರತದಲ್ಲಿ ಅಷ್ಟಾವಕ್ರ ಇದ್ದಾನಲ್ಲ, ಎಂಟು ಕಡೆ ಮೈ ಡೊಂಕಾಗಿ ಹುಟ್ಟಿದೋನು. ಆ ಕತೆ ಅವನ ಹಿಂದಿನ ಜನ್ಮ ಕೆದಕಲ್ಲ, ತಾಯಿ ಕಡೆ ಬೆರಳು ತೋರಿಸಲ್ಲ, ಹೊಟ್ಟೆಯಲ್ಲಿದ್ದ ಮಗುವಿಗೆ ಶಾಪ ಕೊಟ್ಟ ಅಪ್ಪನ ಸಿಟ್ಟನ್ನ ಹೇಳುತ್ತೆ. ಆಮೇಲೆ ಅದೇ ಮಗ ಜನಕನ ಆಸ್ಥಾನಕ್ಕೆ ಹೋಗಿ ವಾದದಲ್ಲಿ ಗೆದ್ದು ಅಪ್ಪನನ್ನೇ ಬಿಡಿಸ್ಕೊಂಡು ಬರ್ತಾನೆ. ಇದನ್ನೆಲ್ಲ ಓದಿಕೊಂಡಿರೋರೇ ಮಗು ಕಳ್ಕೊಂಡ ತಾಯಿ ಮುಂದೆ ಕರ್ಮ ಅಂತ ಬಾಯಿ ಬಿಡ್ತಾರಲ್ಲ. ಇನ್ನು ಅಂಥೋರು ಬಂದ್ರೆ ಬಾಗಿಲಲ್ಲೇ ನಿಮ್ಮ ಯಜಮಾನ್ರು ಮಾತಾಡಿಸಿ ಕಳಿಸ್ಲಿ, ಒಳಗೆ ಕರೆದು ಕಾಫಿ ಕೊಡೋ ಹಂಗಿಲ್ಲ.

ಈಗ ದೇವರ ವಿಷಯ. ಇದಕ್ಕೆ ನನ್ನ ಹತ್ರ ಪಾಠ ಇಲ್ಲ, ಅಮ್ಮನ ಕತೆ ಇದೆ.

ಅಣ್ಣ ಹೋದ ಮೇಲೆ ಅಮ್ಮ ಎರಡು ವರ್ಷ ದೀಪ ಹಚ್ಚಲಿಲ್ಲ. ದೇವರ ಮನೆ ಗುಡಿಸ್ತಿದ್ಲು, ಒರೆಸ್ತಿದ್ಲು, ಆದ್ರೆ ಬತ್ತಿ ಮುಟ್ತಿರ್ಲಿಲ್ಲ. ಅಪ್ಪಾನೇ ಹಚ್ಚೋರು, ಒಂದು ದಿನಾನೂ ಯಾಕೆ ಅಂತ ಕೇಳಲಿಲ್ಲ, ಅದಕ್ಕೆ ಅಪ್ಪನ ಮೇಲೆ ನಂಗೆ ಇವತ್ತಿಗೂ ಗೌರವ. ಎರಡನೇ ವರ್ಷ ಹಿರಿಯರ ಹಬ್ಬ ಬಂತು. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ತೀರಿಕೊಂಡೋರಿಗೆ ಹೊಸಬಟ್ಟೆ ಇಟ್ಟು, ಅವರಿಗೆ ಇಷ್ಟವಾದ್ದೆಲ್ಲ ಮಾಡಿ ಎಡೆ ಹಾಕೋದು ನಿಮಗೂ ಗೊತ್ತಲ್ಲ. ಮದುವೆ ಆಗದೋನಿಗೆ ಎಡೆ ಇಡೋ ಪದ್ಧತಿ ನಮ್ಮನೇಲಿಲ್ಲ ಅಂತ ದೊಡ್ಡೋರು ಅಂದ್ರು. ಅಮ್ಮ ಏನೂ ಮಾತಾಡದೆ ಅಡುಗೆ ಮನೆಗೆ ಹೋದ್ಲು, ವಡೆ ಕಜ್ಜಾಯ ಮಾಡಿದ್ದು ಬೇರೆ ಹಿರಿಯರಿಗೆ, ಅಣ್ಣನಿಗೆ ಅಂತ ಅವನದೇ ಸ್ಟೀಲ್ ಬಟ್ಟಲಲ್ಲಿ ಬಾಳೆಹಣ್ಣು ಹಾಲು ಹಾಕಿ ಕಿವುಚಿ, ಗಂಟಿಲ್ಲದ ಹಂಗೆ ಸೋಸಿ, ಅವನ ಚಮಚಾನೂ ಇಟ್ಲು. ಅವನಿಗೆ ಅಗಿಯೋಕೆ ಬರಲ್ವಲ್ಲ. ಎಡೆ ಅಂದ ಮೇಲೆ ದೀಪ ಬೇಕಲ್ಲ, ಹಚ್ಚಿದ್ಲು. ‘ತಗೋಪ್ಪ, ಇವತ್ತು ಗಂಟಲಿಗೆ ಸಿಕ್ಕಾಕ್ಕೊಳ್ಳಲ್ಲ’ ಅಂದ್ಲು ಅಷ್ಟೇ. ದೊಡ್ಡೋರು ಯಾರೂ ಆಮೇಲೆ ತುಟಿ ಬಿಚ್ಚಲಿಲ್ಲ. ಅವತ್ತಿಂದ ದೀಪ ಅವಳೇ ಹಚ್ಚಿದ್ಲು. ದೇವ್ರ ಮೇಲೆ ನಂಬಿಕೆ ವಾಪಸ್ ಬಂತಾ ಅಂತ ನಾನು ದೊಡ್ಡವಳಾದ ಮೇಲೆ ಒಂದ್ಸಲ ಕೇಳಿದ್ದೆ, ‘ಅದೆಲ್ಲ ಗೊತ್ತಿಲ್ಲ ಕಣೇ, ಅವನು ಕತ್ತಲೇಲಿ ಇರಬಾರ್ದು ಅಂತ ಹಚ್ಚಿದೆ, ದೇವ್ರೂ ಅಲ್ಲೇ ಇದ್ದ’ ಅಂದ್ಲು.

ಅದಕ್ಕೇ ಹೇಳ್ತೀನಿ, ಮೊದಲು ನಂಬಿಕೆ ಬರ್ಲಿ ಆಮೇಲೆ ಬಾಗಿಲು ತೆಗೀತೀನಿ ಅಂತ ಕಾಯಬೇಡಿ, ಬಲವಂತವಾಗಿ ಕೈ ಮುಗಿಯೋದೂ ಬೇಡ. ಸದ್ಯಕ್ಕೆ ಮನೇಲಿ ಬೇರೆ ಯಾರಾದ್ರೂ ದೀಪ ಹಚ್ಚಲಿ. ನಿಮಗೆ ಜಗಳ ಆಡ್ಬೇಕು ಅನ್ಸಿದ್ರೆ ಹೋಗಿ ಜಗಳ ಆಡಿ. ದೇವ್ರನ್ನ ಬೈಯೋದು ನಮ್ಮಲ್ಲಿ ಹೊಸದಲ್ಲ, ದಾಸರ ಹಾಡಲ್ಲಿ ಅದಕ್ಕೆ ನಿಂದಾಸ್ತುತಿ ಅಂತ ಹೆಸರೇ ಇದೆ. ಯಾರಿಲ್ಲ ಅಂದ್ಕೊಂಡಿದ್ದೀವೋ ಅವರ ಮೇಲೆ ಮುನಿಸಿಕೊಳ್ಳೋಕಾಗಲ್ಲ, ನಿಮ್ಮ ಮುನಿಸು ಇನ್ನೂ ಇದೆ ಅಂದ್ರೆ ಮಾತು ಪೂರ್ತಿ ಕಡಿದಿಲ್ಲ ಅಂತಾನೇ ನಾನು ಅಂದ್ಕೊತೀನಿ.

ವಿದುರಾಶ್ವತ್ಥಕ್ಕೆ ಹೋಗೋದು ಬಿಡೋದು ನಿಮ್ಮ ಇಷ್ಟ. ಕುರುಕ್ಷೇತ್ರ ಮುಗಿದ ಮೇಲೆ ಸಂಕಟ ತಡೀಲಾರದೆ ತೀರ್ಥಯಾತ್ರೆ ಹೊರಟ ವಿದುರ ಪಿನಾಕಿನಿ ದಡದಲ್ಲಿ ನೆಟ್ಟ ಮರ ಅದು ಅಂತ ಅಲ್ಲಿನ ಸ್ಥಳಪುರಾಣ, ಅಂದ್ರೆ ಮನೆಯೋರನ್ನೆಲ್ಲ ಕಳ್ಕೊಂಡು ಬಂದೋನೊಬ್ಬ ನೆಟ್ಟಿದ್ದು. ಆ ಹಳೇ ಮರಾನೂ 2001ರಲ್ಲಿ ಬಿದ್ದೋಯ್ತು. ಸುತ್ತ ಸಾವಿರಾರು ನಾಗರಕಲ್ಲು ಇದಾವೆ, ಒಂದೊಂದು ಕಲ್ಲಿನ ಹಿಂದೆ ಒಬ್ಬೊಬ್ಬಳು ಹೆಂಗಸು, ಅವರಲ್ಲಿ ಎಷ್ಟು ಜನಕ್ಕೆ ಮಗು ಆಯ್ತೋ, ಎಷ್ಟು ಜನಕ್ಕೆ ಆಗಲಿಲ್ವೋ, ಆಗಿದ್ದು ಎಷ್ಟು ಉಳೀತೋ. ನಿಮ್ಮ ಕಲ್ಲು ಆ ಸಾಲಲ್ಲಿದೆ. ನೀವು ಮಗು ಬೇಕು ಅಂತ ಇಟ್ಟಿದ್ದು, ಮಗು ಬಂದಿತ್ತು, ನಿಮ್ಮನ್ನ ‘ಮ್ಮ’ ಅಂತ ಕರೆದಿತ್ತು. ಅಲ್ಲಿಗೆ ಹೋದ್ರೆ ಏನೂ ಕೇಳ್ಕೋಬೇಡಿ, ಅವನ ಹೆಸರು ಬಾಯಿಬಿಟ್ಟು ಹೇಳಿ ಬನ್ನಿ. ಮನೆಯಲ್ಲೂ ಹೆಸರು ಹೇಳ್ತಾ ಇರಿ, ನಮ್ಮ ಜನ ಇಂಥ ಮಗು ಹೋದ್ರೆ ಹೆಸರು ಎತ್ತೋದನ್ನೇ ಬಿಟ್ಬಿಡ್ತಾರೆ, ತಾಯಿಗೆ ನೋವಾಗುತ್ತೆ ಅಂತ. ಹೇಳದೇ ಇದ್ರೇನೇ ನೋವು ಜಾಸ್ತಿ.

ಕೊನೇದಾಗಿ, ಜೊತೆಗೆ ನಾನೂ ಹೋಗ್ಬೇಕಿತ್ತು ಅಂದ್ರಲ್ಲ, ಅದನ್ನ ನಾನು ಹಗುರವಾಗಿ ತಗೊಳಲ್ಲ. ರಾತ್ರಿ ಎರಡು ಗಂಟೆಗೆ ಈಗಲೂ ಎಚ್ಚರ ಆಗ್ತಿರ್ಬೇಕು, ಕೈ ಪಕ್ಕಕ್ಕೆ ಹೋಗ್ತಿರ್ಬೇಕು, ಆ ಹೊತ್ತು ತುಂಬಾ ಕೆಟ್ಟದ್ದು. ಆ ಹೊತ್ತಲ್ಲಿ ಒಬ್ರೇ ಕೂರಬೇಡಿ, ಯಜಮಾನ್ರನ್ನ ಎಬ್ಬಿಸಿ, ಇಲ್ಲಾಂದ್ರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ. ಸಾಯಬೇಕು ಅನ್ನೋ ಯೋಚನೆ ಮತ್ತೆ ಮತ್ತೆ ಬಂದ್ರೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ರ ಹೋಗ್ಲೇಬೇಕು. ಮಗನಿಗೆ ಫಿಟ್ಸ್ ಸಿರಪ್ ತಪ್ಪಿಸದೆ ಕೊಟ್ರಲ್ಲ, ಹಂಗೇ ನಿಮಗೂ ಔಷಧಿ ಬೇಕಾದ್ರೆ ತಗೊಳ್ಳಿ. ನಂಗೆ ಇನ್ನೊಂದು ಪತ್ರ ಬರೀರಿ, ಅದರಲ್ಲಿ ಅವನ ಹೆಸರು ಇರ್ಲಿ, ಪತ್ರಿಕೆಯಲ್ಲಿ ಹಾಕಲ್ಲ.

ಪ್ರಶ್ನೆ: ಮಾಲೂರು ಕಡೆಯಿಂದ. ನಮ್ಮ 9 ವರ್ಷದ ಮಗಳು ತೀರಿಕೊಂಡು ನಾಲ್ಕು ತಿಂಗಳಾಯ್ತು, ಅವಳಿಗೂ ಇದೇ ಕಾಯಿಲೆ. ಅವಳ ಪೆನ್ಷನ್ ದುಡ್ಡು ಅಕೌಂಟಿಗೆ ಇನ್ನೂ ಬರ್ತಾನೇ ಇದೆ. ಅವಳ ಕುರ್ಚಿ ಹಾಲ್‌ನಲ್ಲೇ ಇದೆ, ಹೆಂಡತಿ ಮುಟ್ಟೋಕೆ ಬಿಡ್ತಿಲ್ಲ, ನಂಗೆ ಅದನ್ನ ನೋಡೋಕಾಗ್ತಿಲ್ಲ. ಏನ್ ಮಾಡ್ಲಿ?

ಉತ್ತರ: ಅಣ್ಣ, ದುಡ್ಡಿನ ಕೆಲಸ ಮೊದಲು ಮುಗಿಸಿ. ಸಾವನ್ನ 21 ದಿನದೊಳಗೆ ನೋಂದಣಿ ಮಾಡಿಸ್ಬೇಕು, ಮಾಡಿಸಿಲ್ಲ ಅಂದ್ರೆ ಈಗ ತಡವಾಗಿದ್ದಕ್ಕೆ ಶುಲ್ಕ ಕಟ್ಟಿ ಮಾಡಿಸಿ, ಆ ಪ್ರಮಾಣಪತ್ರ ತಗೊಂಡು ನಾಡಕಚೇರಿಗೆ ಹೋಗಿ ಪೆನ್ಷನ್ ನಿಲ್ಸೋಕೆ ಅರ್ಜಿ ಕೊಡಿ. ಅವಳು ಹೋದ ಮೇಲೆ ಬಂದಿರೋ ದುಡ್ಡು ಖರ್ಚು ಮಾಡ್ಬೇಡಿ, ವಾಪಸ್ ಕೇಳ್ತಾರೆ. ಈ ಓಡಾಟಕ್ಕೆ ಹೆಂಡತಿನ ಕರ್ಕೊಂಡು ಹೋಗ್ಬೇಡಿ, ಕೌಂಟರಲ್ಲಿ ‘ಫಲಾನುಭವಿ ಮೃತ’ ಅಂತ ಬರೆಯೋದನ್ನ ಆಯಮ್ಮ ನೋಡೋದು ಬೇಡ. ಮನೇಲಿ ಉಳಿದಿರೋ ಫಿಟ್ಸ್ ಮಾತ್ರೆ ಸಿರಪ್ ಯಾರಿಗೂ ಕೊಡಬೇಡಿ, ಒಂದೊಂದು ಮಗುವಿನ ಡೋಸ್ ಬೇರೆ ಬೇರೆ.

ಕುರ್ಚಿಗೆ ಅವಸರ ಇಲ್ಲ. ನೋಡೋಕಾಗ್ತಿಲ್ಲ ಅಂತ ಹೆಂಡತಿ ಹತ್ರ ಬಾಯಿಬಿಟ್ಟು ಹೇಳಿದ್ದೀರಾ? ಆಯಮ್ಮ ಅದನ್ನ ಬಿಡೋಕಾಗ್ದೆ ಇಟ್ಕೊಂಡಿದ್ದಾರೆ, ನೀವು ತಡ್ಕೊಳ್ಳೋಕಾಗ್ದೆ ಮುಖ ತಿರುಗಿಸ್ತಿದ್ದೀರ, ಇಬ್ರದ್ದೂ ಒಂದೇ ಸಂಕಟ, ಒಬ್ರಿಗೊಬ್ರು ಗೊತ್ತಾಗ್ತಿಲ್ಲ ಅಷ್ಟೇ. ಒಂದು ಸಂಜೆ ಆ ಕುರ್ಚಿ ಪಕ್ಕದಲ್ಲೇ ಇಬ್ರೂ ಕೂತು ಅಳಿ. ಅವರೇ ಕೊಡೋಣ ಅಂದ ದಿನ ಅಂಥದ್ದೇ ಇನ್ನೊಂದು ಮಗುವಿಗೆ ಕೊಡಿ, ಆದ್ರೆ ಫಿಸಿಯೋಥೆರಪಿ ಮಾಡೋರನ್ನ ಕೇಳಿ ಕೊಡಿ, ಸೀಟಿನ ಅಗಲ, ಕಾಲಿಡೋ ಪಟ್ಟಿ, ತಲೆಗೆ ಆಸರೆ, ಇವೆಲ್ಲ ಆ ಮಗುವಿನ ಅಳತೆಗೆ ಸರಿ ಮಾಡಿಸ್ಬೇಕು, ಇಲ್ಲಾಂದ್ರೆ ಬೆನ್ನು ಇನ್ನೂ ಸೊಟ್ಟ ಆಗುತ್ತೆ. ಬೆಲ್ಟ್ ಮಾತ್ರ ಬಿಚ್ಚಿ ಹೆಂಡತಿಗೆ ಕೊಡಿ, ಅವಳ ಜೊಲ್ಲಿನ ಕಲೆ ಇರುತ್ತಲ್ಲ ಅದರ ಮೇಲೆ, ಒಗೆಯೋಕೆ ಹೋಗ್ಬೇಡಿ. ಆ ಮಗುವಿಗೆ ಹೊಸ ಬೆಲ್ಟ್ ನೀವೇ ಹಾಕಿಸ್ಕೊಡಿ.